ಕಾಫಿ ತೋಟದ ಕಳೆಗೆ ಯಾವ ಮಿಷನ್, ಯಾವ ಬ್ಲೇಡ್? ಆರಿಸುವುದರಿಂದ ಎತ್ತಿಡುವವರೆಗೆ

ಜೂನ್‌ನಲ್ಲಿ ಮಳೆ ಹಿಡಿದರೆ ಮೂಡಿಗೆರೆ, ಸಕಲೇಶಪುರ ಕಡೆಯ ತೋಟಗಳಲ್ಲಿ ಆಗಸ್ಟ್ ಹೊತ್ತಿಗೆ ಕಳೆ ಸೊಂಟಕ್ಕೆ ಬರುತ್ತದೆ. ಕತ್ತಿ ಹಿಡಿದು ಸಾಲಾಗಿ ಸವರಿಕೊಂಡು ಹೋಗುವ ಆಳುಗಳು ಈಗ ಸಿಗುವುದು ಕಷ್ಟ. ಕೊಯ್ಲಿಗೆ ಹೇಗೋ ಹೊಂದಿಸಬಹುದು, ಕಳೆಗೆ ಯಾರೂ ಇಲ್ಲ. ಹಾಗಾಗಿ ಸಣ್ಣ ತೋಟದವರ ಮನೆಗೂ ಕಳೆ ಹೊಡೆಯುವ ಮಿಷನ್ ಬಂದಿದೆ. ಬಂದವುಗಳಲ್ಲಿ ಎಷ್ಟೋ ಎರಡನೇ ಮಳೆಗಾಲಕ್ಕೆ ಶೆಡ್ಡಿನ ಮೂಲೆ ಸೇರುತ್ತವೆ. ಮಿಷನ್ ಕೆಟ್ಟದ್ದು ಅಂತಲ್ಲ. ಜಾಗಕ್ಕೆ ಹೊಂದದ್ದನ್ನು ತಂದಿರುತ್ತಾರೆ, ಇಲ್ಲವೇ ಒಂದೇ ಬ್ಲೇಡಿನಲ್ಲಿ ಎಲ್ಲ ಕೆಲಸ ಮುಗಿಸಲು ಹೋಗಿರುತ್ತಾರೆ.

ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಷ್ಟು ಸಿಸಿ?’ ಅಂತ. ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ. ಯಾವ ಜಾಗ, ಯಾವ ಗಿಡ, ಯಾರು ಹೊರುತ್ತಾರೆ, ಈ ಮೂರು ಗೊತ್ತಾದರೆ ಸಿಸಿ ತಾನಾಗಿಯೇ ಗೊತ್ತಾಗುತ್ತದೆ.

ಹಂತ 1: ದುಡ್ಡು ತೆಗೆಯುವ ಮೊದಲು ಜಾಗ ಸುತ್ತಿ

ತೋಟವನ್ನು ಒಂದು ಸಲ ಪೂರ್ತಿ ನಡೆದು ನೋಡಿ. ಇಳಿಜಾರು ಎಷ್ಟಿದೆ? ಕಲ್ಲು ಎಲ್ಲೆಲ್ಲಿದೆ? ಕಾಫಿ ಗಿಡಗಳ ನಡುವೆ ಉದ್ದ ಕೋಲಿನ ಮಿಷನ್ ತಿರುಗಿಸಲು ಜಾಗ ಇದೆಯಾ? ರೋಬಸ್ಟಾ ತೋಟದಲ್ಲಿ ಸಾಲು ಅಗಲ ಇರುತ್ತದೆ, ಆದರೆ ರೆಕ್ಕೆಗಳು (ಪಕ್ಕದ ಕೊಂಬೆಗಳು) ನೆಲ ಮುಟ್ಟುವಷ್ಟು ಬಗ್ಗಿರುತ್ತವೆ. ಅರೇಬಿಕಾದಲ್ಲಿ ಗಿಡ ಗಿಡಕ್ಕೂ ಹತ್ತಿರ, ಕೈಯಾಡಲು ಜಾಗ ಕಡಿಮೆ.

ಅರಸೀಕೆರೆ, ಚನ್ನರಾಯಪಟ್ಟಣದ ತೆಂಗಿನ ತೋಟದ ಲೆಕ್ಕವೇ ಬೇರೆ. ಅಲ್ಲಿ ನೆಲ ಸಮ, ಮರಗಳ ನಡುವೆ ಟ್ರ್ಯಾಕ್ಟರ್ ಓಡಾಡುತ್ತದೆ. ಅಂಥ ಕಡೆ ಎಕರೆಗಟ್ಟಲೆ ಹುಲ್ಲನ್ನು ಬೆನ್ನಿಗೆ ಮಿಷನ್ ಕಟ್ಟಿಕೊಂಡು ಹೊಡೆಯುವುದು ಸುಮ್ನೆ ಮೈ ಸವೆಸಿಕೊಳ್ಳುವುದು. ಟ್ರ್ಯಾಕ್ಟರ್ ಹಿಂದೆ ಕಟ್ಟುವ ಮೋವರ್ ಬಾಡಿಗೆಗೆ ತಂದು, ಮರದ ಬುಡ ಮತ್ತು ಬದುಗಳಿಗೆ ಮಾತ್ರ ಕೈಮಿಷನ್ ಇಟ್ಟುಕೊಳ್ಳಿ.

ಕಳೆ ಯಾವುದು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಬರೀ ಹುಲ್ಲು ಮತ್ತು ಹಂಬು ಒಂದು ಬಗೆ. ಕಾಂಡ ಗಟ್ಟಿಯಾದ ಕಾಂಗ್ರೆಸ್ ಗಿಡ, ಯುಪಟೋರಿಯಂ, ಜರಿಗಿಡ ಇನ್ನೊಂದು. ಲಂಟಾನ, ಮುಳ್ಳಿನ ಪೊದೆ, ಎಳೆ ಮರಗಳು ಮೂರನೆಯದು. ಮೂರಕ್ಕೂ ಬೇರೆ ಬೇರೆ ಬ್ಲೇಡ್ ಬೇಕು.

ಹಂತ 2: ಯಾವ ಬಗೆಯ ಮಿಷನ್

ಪೆಟ್ರೋಲ್ ಮಿಷನ್‌ನಲ್ಲಿ ಎರಡು ಬಗೆ. ಟು ಸ್ಟ್ರೋಕ್‌ಗೆ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು. ತೂಕ ಕಡಿಮೆ, ಎಳೆತ ಜಾಸ್ತಿ, ಶಬ್ದ ಹೊಗೆ ಎರಡೂ ಜಾಸ್ತಿ. ಫೋರ್ ಸ್ಟ್ರೋಕ್‌ಗೆ ಬರೀ ಪೆಟ್ರೋಲ್ ಸಾಕು, ಎಂಜಿನ್ ಆಯಿಲ್ ಬೇರೆ ಇರುತ್ತದೆ. ಹೊಗೆ ಕಡಿಮೆ, ಪೆಟ್ರೋಲ್ ಖರ್ಚೂ ಕಡಿಮೆ. ಆದರೆ ಆಯಿಲ್ ನೋಡದೆ ಓಡಿಸಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಹೋಂಡಾದ ಜಿಎಕ್ಸ್35 ಎಂಜಿನ್‌ನಲ್ಲಿ ಹಿಡಿಯುವ ಆಯಿಲ್ 100 ಎಂಎಲ್ ಅಷ್ಟೆ. ಅಷ್ಟು ಚಿಕ್ಕ ಪ್ರಮಾಣದಲ್ಲಿ ಸ್ವಲ್ಪ ಇಳಿದರೂ ಅದು ದೊಡ್ಡ ಕೊರತೆ.

ಮನೆಯಲ್ಲಿ ಒಬ್ಬರೇ ಓಡಿಸುವುದಾದರೆ, ದಿನವೂ ಆಯಿಲ್ ನೋಡುವ ಶಿಸ್ತು ಇದ್ದರೆ ಫೋರ್ ಸ್ಟ್ರೋಕ್ ತೆಗೆದುಕೊಳ್ಳಿ. ಮೂರು ನಾಲ್ಕು ಕೈ ಬದಲಾಗುವ ತೋಟಕ್ಕೆ ಟು ಸ್ಟ್ರೋಕ್ ವಾಸಿ. ಬೆರೆಸಿದ ಪೆಟ್ರೋಲನ್ನು ಒಂದೇ ಕ್ಯಾನಿನಲ್ಲಿ ಇಟ್ಟು, ಅದರಿಂದ ಮಾತ್ರ ಹಾಕಬೇಕು ಅಂತ ಕಟ್ಟುನಿಟ್ಟು ಮಾಡಿದರೆ ಸಾಕು.

ಸಿಸಿ ವಿಷಯ ಈಗ. ಮನೆ ಅಂಗಳ, ಬದುಗಳಿಗೆ 25 ಸಿಸಿ ಸಾಲುತ್ತದೆ. ಕಾಫಿ ತೋಟದ ಮಾಮೂಲಿ ಕಳೆಗೆ 30ರಿಂದ 36. ಲಂಟಾನ, ಗಟ್ಟಿ ಪೊದೆ ಇದ್ದರೆ 40ರ ಆಸುಪಾಸು. ಅದಕ್ಕಿಂತ ದೊಡ್ಡದನ್ನು ದಿನವಿಡೀ ಹೊರುವುದು ಬೆನ್ನಿಗೆ ಆಗಿಬರುವುದಿಲ್ಲ.

ಹೊರುವ ರೀತಿಯಲ್ಲೂ ಎರಡು. ಹೆಗಲ ಬೆಲ್ಟಿಗೆ ಸಿಕ್ಕಿಸಿ ಪಕ್ಕಕ್ಕೆ ತೂಗುವುದು ಒಂದು. ಎಂಜಿನ್ ಬೆನ್ನ ಮೇಲೆ ಕೂತು, ಬಾಗುವ ಕೊಳವೆಯ ಮೂಲಕ ಕೋಲಿಗೆ ತಿರುಗು ಬಲ ಹೋಗುವುದು ಇನ್ನೊಂದು. ಸಮ ನೆಲ, ಗಟ್ಟಿ ಗಿಡ ಅಂದರೆ ಪಕ್ಕದ್ದೇ ಒಳ್ಳೆಯದು, ಹಿಡಿತ ಚೆನ್ನಾಗಿ ಸಿಗುತ್ತದೆ. ಇಳಿಜಾರು, ಇಕ್ಕಟ್ಟಿನ ಸಾಲು, ಕಾಫಿ ರೆಕ್ಕೆಗಳ ಕೆಳಗೆ ಕೋಲು ತೂರಿಸುವ ಕೆಲಸಕ್ಕೆ ಬೆನ್ನಿನದ್ದು ಸುಲಭ. ಆದರೆ ಕಾಲು ಜಾರಿದಾಗ ಅದನ್ನು ಬೇಗ ಕಳಚಿ ಎಸೆಯುವುದು ಕಷ್ಟ. ದಪ್ಪ ಕಾಂಡಕ್ಕೆ ಬ್ಲೇಡ್ ಕೊಟ್ಟಾಗ ಕೋಲು ಕೈಯಲ್ಲಿ ಹೊರಳುತ್ತದೆ. ಹಾಗಾಗಿ ಬೆನ್ನಿನ ಮಿಷನ್‌ಗೆ ಗರಗಸದ ಬ್ಲೇಡ್ ಹಾಕಬೇಡಿ.

ಬ್ಯಾಟರಿ ಮಿಷನ್‌ಗಳೂ ಬಂದಿವೆ. ಹೋಂಸ್ಟೇ ಅಂಗಳ, ಮನೆ ಸುತ್ತ, ಶಾಲೆ ಆವರಣಕ್ಕೆ ಚೆನ್ನ. ಶಬ್ದ ಕಡಿಮೆ, ಹೊಗೆ ಇಲ್ಲ. ಕರೆಂಟು ಹೋದರೆ ದಿನಗಟ್ಟಲೆ ಬಾರದ ಮಳೆಗಾಲದಲ್ಲಿ, ಎಕರೆ ಲೆಕ್ಕದ ತೋಟಕ್ಕೆ ಅದನ್ನೇ ನಂಬಿಕೊಳ್ಳಲು ಆಗುವುದಿಲ್ಲ.

ಹಂತ 3: ಬ್ಲೇಡ್

ಮಿಷನ್ ಯಾವುದೇ ಇರಲಿ, ಕೆಲಸ ಮಾಡುವುದು ತುದಿಯಲ್ಲಿರುವ ಬ್ಲೇಡ್. ಇಲ್ಲಿ ಒಂದಿಷ್ಟು ಖರ್ಚು ಮಾಡಿ.

ನೈಲಾನ್ ದಾರದ ತಲೆ ಹುಲ್ಲಿಗೆ ಮತ್ತು ಎಳೆ ಕಳೆಗೆ. ಕಲ್ಲು ಸಿಕ್ಕರೂ ದಾರ ತುಂಡಾಗುತ್ತದೆ ಅಷ್ಟೆ, ಹಾಗಾಗಿ ಕಲ್ಲಿನ ಜಾಗಕ್ಕೆ, ಗೋಡೆ ಪಕ್ಕಕ್ಕೆ ಇದೇ ಸರಿ. ದಾರದ ದಪ್ಪ 2.4 ಅಥವಾ 3 ಮಿಲಿಮೀಟರ್. ಮಿಷನ್ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ದಪ್ಪ ಹಾಕಿದರೆ ಎಂಜಿನ್ ಬಿಸಿಯಾಗುತ್ತದೆ. ದಾರದ ಬದಲು ಕಬ್ಬಿಣದ ತಂತಿ, ಕೇಬಲ್ ಕಟ್ಟುವವರಿದ್ದಾರೆ. ಅದನ್ನು ಯಾವತ್ತೂ ಮಾಡಬೇಡಿ. ತುಂಡಾದ ತಂತಿ ಗುಂಡಿನಂತೆ ಹಾರುತ್ತದೆ.

ದಾರ ಮೆತ್ತಗಿದೆ ಅಂತ ಗಿಡಗಳ ಹತ್ತಿರ ಧೈರ್ಯವಾಗಿ ಬಿಡುತ್ತಾರಲ್ಲ, ಅಲ್ಲೇ ಅನಾಹುತ ಆಗುವುದು. ಎರಡು ವರ್ಷದ ಕಾಫಿ ಗಿಡದ ಬುಡಕ್ಕೆ ತಿರುಗುವ ದಾರ ತಾಗಿದರೆ ಹಸಿ ತೊಗಟೆ ಸುತ್ತಲೂ ಸುಲಿದು ಬರುತ್ತದೆ. ಅವತ್ತು ಏನೂ ಕಾಣುವುದಿಲ್ಲ. ಕೆಲವು ವಾರ ಕಳೆದ ಮೇಲೆ ಎಲೆ ಹಳದಿಯಾಗಿ ಗಿಡ ಒಣಗತೊಡಗುತ್ತದೆ. ಬುಡ ಕೆದಕಿ ನೋಡಿದರೆ ತೊಗಟೆ ಇಲ್ಲದ ಒಂದು ಉಂಗುರ ಕಾಣುತ್ತದೆ. ಅಡಿಕೆ ಸಸಿಗೂ ಹೀಗೇ ಪೆಟ್ಟು ಬೀಳುತ್ತದೆ.

ಮೂರು ಹಲ್ಲಿನ ಬ್ಲೇಡ್ ತೋಟದ ದಿನನಿತ್ಯದ ಬ್ಲೇಡ್. ಗಟ್ಟಿ ಹುಲ್ಲು, ಯುಪಟೋರಿಯಂ, ಸುಮಾರು 2 ಸೆಂಟಿಮೀಟರ್ ದಪ್ಪದವರೆಗಿನ ಪೊದೆ ಕಾಂಡಕ್ಕೆ ಇದು ಸಾಕು. ಎರಡೂ ಬದಿ ಮೊನೆ ಇರುವಂಥದ್ದಾದರೆ ಒಂದು ಬದಿ ಮೊಂಡಾದಾಗ ತಿರುಗಿಸಿ ಹಾಕಬಹುದು.

ಇನ್ನು ಗರಗಸದ ಬ್ಲೇಡ್. ಹಲ್ಲಿನ ತುದಿಗೆ ಗಟ್ಟಿ ಲೋಹ ಕೂರಿಸಿದ 40 ಅಥವಾ 80 ಹಲ್ಲಿನವು ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಹಲ್ಲು ಕಡಿಮೆ ಇದ್ದಷ್ಟೂ ಗಟ್ಟಿ ಕಾಂಡಕ್ಕೆ, ಜಾಸ್ತಿ ಇದ್ದರೆ ಭತ್ತ, ಮೇವಿನ ಹುಲ್ಲಿನಂಥ ಮೆತ್ತನೆಯದಕ್ಕೆ. ಕಲ್ಲಿಗೆ ತಾಗಿದರೆ ಈ ಹಲ್ಲುಗಳು ಚೂರಾಗಿ ಹಾರುತ್ತವೆ, ಹಾಗಾಗಿ ಕಲ್ಲಿನ ನೆಲಕ್ಕೆ ಬೇಡವೇ ಬೇಡ. ಕೈ ಮಣಿಕಟ್ಟಿನಷ್ಟು ದಪ್ಪ ಮರಕ್ಕೆ ಗರಗಸದ ಬ್ಲೇಡ್ ಕೊಡುವ ಬದಲು ಚೈನ್ ಸಾ ಅಥವಾ ಮಚ್ಚು ಹಿಡಿಯಿರಿ.

ಯಾವ ಬ್ಲೇಡಿಗೆ ಯಾವ ರಕ್ಷಣಾ ಕವಚ ಅಂತ ಇರುತ್ತದೆ. ದಾರದ ಕವಚದಲ್ಲಿ ದಾರವನ್ನು ಸರಿ ಅಳತೆಗೆ ಕತ್ತರಿಸುವ ಸಣ್ಣ ಅಲಗು ಇದೆ. ಕವಚ ಬಿಚ್ಚಿ ಓಡಿಸಿದರೆ ದಾರ ಉದ್ದವಾಗಿ ಎಂಜಿನ್ ಏದುಸಿರು ಬಿಡುತ್ತದೆ, ಕಲ್ಲೆಲ್ಲ ನೇರ ಮೊಣಕಾಲಿಗೆ ಬರುತ್ತದೆ.

ಹಂತ 4: ಅಂಗಡಿಯಲ್ಲಿ

ಬೆಲ್ಟ್ ಸಮೇತ ಮೈಗೆ ಹಾಕಿಕೊಂಡು ಹತ್ತು ನಿಮಿಷ ನಿಂತು ನೋಡಿ. ಓಡಿಸುವವರು ಬೇರೆಯಾದರೆ ಅವರನ್ನೇ ಕರೆದುಕೊಂಡು ಹೋಗಿ. ಅವರ ಎತ್ತರ, ಅವರ ಹೆಗಲು ಮುಖ್ಯ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಲು ಹೇಳಿ. ಆಕ್ಸಿಲೇಟರ್ ಬಿಟ್ಟಾಗ ಬ್ಲೇಡ್ ನಿಲ್ಲಬೇಕು. ನಿಲ್ಲದೆ ತಿರುಗುತ್ತಿದ್ದರೆ ಐಡಲಿಂಗ್ ಸರಿ ಇಲ್ಲ ಅಥವಾ ಕ್ಲಚ್ ಸರಿ ಇಲ್ಲ.

ಬಿಡಿಭಾಗ ನಿಮ್ಮ ಊರಲ್ಲೇ ಸಿಗುತ್ತದಾ ಅನ್ನುವುದು ಬೆಲೆಗಿಂತ ದೊಡ್ಡ ಪ್ರಶ್ನೆ. ಕಾರ್ಬ್ಯುರೇಟರ್ ಡಯಾಫ್ರಂ, ಸ್ಟಾರ್ಟರ್ ಹಗ್ಗ, ಕ್ಲಚ್, ಪ್ಲಗ್, ಈ ನಾಲ್ಕು ಅಂಗಡಿಯಲ್ಲಿ ಇವೆಯಾ ಕೇಳಿ. ಜುಲೈನಲ್ಲಿ ಮಿಷನ್ ನಿಂತು, ಡಯಾಫ್ರಂಗೆ ಬೆಂಗಳೂರಿನಿಂದ ಬರಲಿ ಅಂತ ಕಾದರೆ ಕಳೆ ಕಾಯುವುದಿಲ್ಲ.

ಕೃಷಿ ಯಾಂತ್ರೀಕರಣದ ಸಹಾಯಧನ ಇರುತ್ತದೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ ಪಟ್ಟಿಯಲ್ಲಿ ಕಳೆ ಮಿಷನ್ ಇದೆಯಾ, ಯಾವ ಮಾಡೆಲ್‌ಗಳಿಗೆ ಅನ್ನುವುದನ್ನು ಖರೀದಿಗೆ ಮೊದಲೇ ವಿಚಾರಿಸಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಹಿಡಿದುಕೊಂಡು ಹೋಗಿ. ಸಹಾಯಧನ ಇದೆ ಅಂತ ಮಾತ್ರಕ್ಕೆ ಹೊಂದದ ಮಿಷನ್ ತರಬೇಡಿ. ವರ್ಷಕ್ಕೆ ಎರಡು ಮೂರು ದಿನದ ಕೆಲಸವಾದರೆ ಕೃಷಿ ಯಂತ್ರಧಾರೆಯಲ್ಲೋ, ಪಕ್ಕದ ತೋಟದವರಲ್ಲೋ ಬಾಡಿಗೆಗೆ ತರುವುದೇ ಲಾಭ.

ಹಂತ 5: ಮೈಗೆ ಏನು ಹಾಕಬೇಕು

ಚಪ್ಪಲಿ, ಲುಂಗಿಯಲ್ಲಿ ಕಳೆ ಹೊಡೆಯುವವರನ್ನು ಈಗಲೂ ರಸ್ತೆ ಬದಿಯಲ್ಲಿ ನೋಡುತ್ತೇವೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಮಾಡಿಸಬೇಡಿ. ಗಟ್ಟಿ ಗಂಬೂಟು, ದಪ್ಪ ಪ್ಯಾಂಟು, ಮೊಣಕಾಲಿನ ಕೆಳಗೆ ಶಿನ್ ಗಾರ್ಡ್, ಕೈಗವಸು. ಕಣ್ಣಿಗೆ ಜಾಲರಿಯ ಮುಖವಾಡ ಹಾಕಿ, ಅದರೊಳಗೆ ಕನ್ನಡಕವೂ ಇರಲಿ. ಜಾಲರಿಯೊಂದೇ ಸಾಲದು, ಸಣ್ಣ ಚೂರು ತೂರಿ ಬರುತ್ತದೆ. ಪೆಟ್ರೋಲ್ ಎಂಜಿನ್ ಶಬ್ದ 90 ಡೆಸಿಬಲ್ ದಾಟುತ್ತದೆ, ಹಾಗಾಗಿ ಕಿವಿಗೂ ಮುಚ್ಚಳ ಬೇಕು. ತೋಟದ ಮಾಲೀಕರು ಕೂಲಿ ಕೊಡುವಾಗ ಇವನ್ನೂ ಕೊಡಬೇಕು. ‘ಅವರೇ ಹಾಕಲ್ಲ’ ಅನ್ನುವ ಮಾತು ನಡೆಯುವುದಿಲ್ಲ. ಅಳತೆಗೆ ಸರಿಯಾದದ್ದನ್ನು ಕೊಟ್ಟರೆ ಹಾಕುತ್ತಾರೆ.

ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಕಡೆಯವರು ಇನ್ನೊಂದು ನೆನಪಿಡಬೇಕು. ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ಕಾಡಂಚಿನ ಪೊದೆ ಸವರುವಾಗ ಮೈ ಮುಚ್ಚುವ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಮನೆಗೆ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹಂತ 6: ಪೆಟ್ರೋಲ್, ಎಣ್ಣೆ

ಟು ಸ್ಟ್ರೋಕ್ ಮಿಷನ್‌ನ ಪುಸ್ತಕದಲ್ಲಿ 50:1 ಅಂತ ಇದ್ದರೆ 1 ಲೀಟರ್ ಪೆಟ್ರೋಲಿಗೆ 20 ಎಂಎಲ್ ಎಣ್ಣೆ. 25:1 ಅಂದರೆ 40 ಎಂಎಲ್. ಕಣ್ಣಳತೆ ಬೇಡ, ಔಷಧಿ ಅಂಗಡಿಯ ಸಿರಿಂಜ್ ಸಾಕು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಗೀರು ಬೀಳುತ್ತದೆ. ಜಾಸ್ತಿಯಾದರೆ ಪ್ಲಗ್ ಕಪ್ಪಾಗಿ, ಸೈಲೆನ್ಸರ್ ಮುಚ್ಚಿಕೊಂಡು ಎಂಜಿನ್ ಸೋಮಾರಿಯಾಗುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ನೀರು ಜಾಸ್ತಿಯಾದರೆ ಅದು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ, ಕಾರ್ಬ್ಯುರೇಟರ್ ಹಾಳು ಮಾಡುತ್ತದೆ. ವಾರಕ್ಕೆ ಬೇಕಾದಷ್ಟೇ ಬೆರೆಸಿ. ಒಂದು ತಿಂಗಳು ದಾಟಿದ ಮಿಶ್ರಣ ಹಾಕಬೇಡಿ. ಕ್ಯಾನ್ ಮುಚ್ಚಳ ಬಿಗಿಯಾಗಿರಲಿ, ಹಾಕುವ ಮೊದಲು ಒಂದು ಸಲ ಅಲ್ಲಾಡಿಸಿ.

ಹಂತ 7: ಹೊಡೆಯುವ ಮೊದಲು ತೋಟದೊಳಗೆ

ಕತ್ತಿ ಹಿಡಿದು ಒಂದು ಸುತ್ತು ಬನ್ನಿ. ಹುಲ್ಲಿನೊಳಗೆ ಬಿದ್ದ ಮುಳ್ಳುತಂತಿ, ಸ್ಪ್ರಿಂಕ್ಲರ್ ಪೈಪು, ಒಡೆದ ಬಾಟಲಿ, ಸೋಲಾರ್ ಬೇಲಿಯ ತಂತಿ ಹುಡುಕಿ. ಮುಳ್ಳುತಂತಿ ಬ್ಲೇಡಿಗೆ ಸುತ್ತಿಕೊಂಡರೆ ಅದರ ತುದಿ ಚಾಟಿಯಂತೆ ಬೀಸುತ್ತದೆ. ಹೊಸ ಸಸಿಗಳ ಪಕ್ಕ ಎದ್ದು ಕಾಣುವ ಕೋಲು ನೆಟ್ಟು ಬಟ್ಟೆ ಕಟ್ಟಿ. ಕಾಳುಮೆಣಸಿನ ಬಳ್ಳಿ ಇರುವ ಸಿಲ್ವರ್ ಓಕ್, ಹಾಲುವಾಣ ಮರಗಳ ಬುಡ ಮತ್ತು ಕಾಫಿ ಬುಡದ ಸುತ್ತ ಒಂದೂವರೆ ಅಡಿಯನ್ನು ಕೈಯಲ್ಲೇ ಸವರಿಬಿಡಿ. ಮೆಣಸಿನ ಬಳ್ಳಿಯ ಬುಡಕ್ಕೆ ಒಂದು ಸಣ್ಣ ಪೆಟ್ಟು ಬಿದ್ದರೂ ಮಳೆಗಾಲದಲ್ಲಿ ಸೊರಗು ರೋಗಕ್ಕೆ ಬಾಗಿಲು ತೆರೆದ ಹಾಗೆ.

ಪೊದೆಯೊಳಗೆ ಕಡಜದ ಗೂಡು, ಕೋಲುಜೇನು ಇದ್ದರೆ ಆ ಪೊದೆ ಬಿಟ್ಟುಬಿಡಿ. ಮಿಷನ್ ಅದುರಿಗೆ ಅವು ಏಳುತ್ತವೆ. ಬೆಲ್ಟ್ ಕಟ್ಟಿಕೊಂಡು ಓಡಲು ಆಗುವುದಿಲ್ಲ.

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯಲ್ಲಿ ಆನೆ ಇದೆ ಅನ್ನುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಆದರೆ ಮಿಷನ್ ಬಂದ ಮೇಲೆ ಅಪಾಯ ಬದಲಾಗಿದೆ. ಕತ್ತಿಯಲ್ಲಿ ಸವರುವಾಗ ಕೊಂಬೆ ಮುರಿಯುವ ಸದ್ದು ಕೇಳುತ್ತಿತ್ತು. ಈಗ ಎಂಜಿನ್ ಶಬ್ದ, ಮೇಲೆ ಕಿವಿಗೆ ಮುಚ್ಚಳ, ಇಪ್ಪತ್ತು ಅಡಿ ಹಿಂದೆ ಆನೆ ನಿಂತರೂ ಗೊತ್ತಾಗುವುದಿಲ್ಲ. ಅರಣ್ಯ ಇಲಾಖೆಯ ಆನೆ ಸಂದೇಶ ನೋಡದೆ ಆಳುಗಳನ್ನು ಒಳಗೆ ಕಳಿಸಬೇಡಿ. ಬೆಳಗ್ಗೆ ಮಂಜು ಪೂರ್ತಿ ಸರಿದ ಮೇಲೆಯೇ ಶುರು ಮಾಡಿ, ಸಂಜೆ ಬೇಗ ನಿಲ್ಲಿಸಿ. ಮಿಷನ್ ಹಿಡಿಯದ, ಕಿವಿ ಮುಚ್ಚದ ಒಬ್ಬರು ಕಾವಲಿಗೆ ಇರಲೇಬೇಕು. ಅವರು ಕನಿಷ್ಠ 15 ಮೀಟರ್ ದೂರದಲ್ಲಿ, ಹೊಡೆಯುವವರಿಗೆ ಕಾಣುವ ಜಾಗದಲ್ಲಿ ನಿಲ್ಲಲಿ. ಕೈ ಎತ್ತಿದರೆ ಎಂಜಿನ್ ಆಫ್ ಅಂತ ಮೊದಲೇ ಮಾತಾಡಿಕೊಳ್ಳಿ. ಆ ಒಂದು ಕೂಲಿಯಲ್ಲಿ ಉಳಿತಾಯ ನೋಡಬೇಡಿ.

ಹಂತ 8: ಬೆಲ್ಟ್ ಮತ್ತು ಸ್ಟಾರ್ಟ್

ಬೆಲ್ಟ್ ಸರಿ ಇಲ್ಲದಿದ್ದರೆ ತೂಕವೆಲ್ಲ ಕೈಗೆ ಬರುತ್ತದೆ, ಅರ್ಧ ದಿನಕ್ಕೆ ಕೈ ಸೋಲುತ್ತದೆ. ಕೊಕ್ಕೆ ಬಲ ಸೊಂಟದ ಮೂಳೆಗಿಂತ ಒಂದು ಅಂಗೈ ಕೆಳಗೆ ಬರುವಂತೆ ಪಟ್ಟಿ ಎಳೆಯಿರಿ. ಮಿಷನ್ ಸಿಕ್ಕಿಸಿ ಎರಡೂ ಕೈ ಬಿಡಿ. ಬ್ಲೇಡ್ ನೆಲಕ್ಕೆ ಸಮನಾಗಿ, ನೆಲಕ್ಕೆ ತಾಗದೆ ತೂಗಬೇಕು. ಬ್ಲೇಡ್ ಮೂಗು ನೆಲಕ್ಕೆ ಬಿದ್ದರೆ ಕೋಲಿನ ಮೇಲಿನ ಕೊಕ್ಕೆಯ ಜಾಗವನ್ನು ಸ್ವಲ್ಪ ಬ್ಲೇಡಿನ ಕಡೆ ಸರಿಸಿ. ಎಂಜಿನ್ ಕಡೆ ಬಗ್ಗಿದರೆ ಎಂಜಿನ್ ಕಡೆ. ಬೇಗ ಕಳಚುವ ಕೊಕ್ಕೆಯನ್ನು ನಾಲ್ಕೈದು ಸಲ ಎಳೆದು ಕೈಗೆ ರೂಢಿ ಮಾಡಿಕೊಳ್ಳಿ.

ಬ್ಲೇಡಿನ ನಟ್ ಉಲ್ಟಾ ಥ್ರೆಡ್ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಸಡಿಲ, ಎಡಕ್ಕೆ ಬಿಗಿ.

ಪೆಟ್ರೋಲ್ ಹಾಕಿದ ಜಾಗದಿಂದ 3 ಮೀಟರ್ ಆಚೆ ಮಿಷನ್ ಒಯ್ದು ನೆಲದ ಮೇಲೆ ಇಡಿ, ಬ್ಲೇಡ್ ಏನಕ್ಕೂ ತಾಗದಿರಲಿ. ಪ್ರೈಮರ್ ಗುಳ್ಳೆ ಐದಾರು ಸಲ ಒತ್ತಿ, ಚೋಕ್ ಹಾಕಿ, ಹಗ್ಗ ಎಳೆಯಿರಿ. ಎಂಜಿನ್ ಒಂದು ಸಲ ಕೆಮ್ಮಿದ ತಕ್ಷಣ ಚೋಕ್ ತೆಗೆದು ಮತ್ತೆ ಎಳೆಯಿರಿ. ಚೋಕ್ ಹಾಕಿಕೊಂಡೇ ಎಳೆಯುತ್ತಾ ಹೋದರೆ ಪೆಟ್ರೋಲ್ ತುಂಬಿ ಪ್ಲಗ್ ಒದ್ದೆಯಾಗುತ್ತದೆ. ಸ್ಟಾರ್ಟ್ ಆದ ಮೇಲೆ ಎರಡು ನಿಮಿಷ ಬಿಸಿಯಾಗಲು ಬಿಡಿ.

ಹಂತ 9: ಹೊಡೆಯುವ ರೀತಿ

ಮೇಲಿನಿಂದ ನೋಡಿದರೆ ಬ್ಲೇಡ್ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಅದನ್ನು ಒಂದು ಗಡಿಯಾರ ಅಂದುಕೊಳ್ಳಿ, 12 ನಿಮ್ಮ ಮುಂದಕ್ಕೆ. ಕತ್ತರಿಸಬೇಕಾದದ್ದು 8ರಿಂದ 11ರ ನಡುವಿನ ಭಾಗದಲ್ಲಿ, ಅಂದರೆ ಎಡ ಅಂಚಿನಲ್ಲಿ. 12ರಿಂದ 3ರ ನಡುವಿನ ಬಲ ಮುಂಭಾಗ ಗಟ್ಟಿ ಕಾಂಡಕ್ಕೆ ತಾಗಿದರೆ ಮಿಷನ್ ಒಮ್ಮೆಲೇ ಒದ್ದು ಬಲಕ್ಕೆ ಹಾರುತ್ತದೆ. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಕಾಲಿಗೇ ಬರುತ್ತದೆ. 15 ಮೀಟರ್ ದೂರದ ನಿಯಮ ಇರುವುದು ಇದಕ್ಕೂ, ಹಾರುವ ಕಲ್ಲಿಗೂ.

ಬಲದಿಂದ ಎಡಕ್ಕೆ ಬೀಸುವಾಗ ಕತ್ತರಿಸಿ, ವಾಪಸ್ ಬರುವುದು ಬರೀ ತಿರುಗಿ ಬರುವುದಕ್ಕೆ. ಬೀಸುವುದು ಕೈಯಿಂದಲ್ಲ, ಸೊಂಟದಿಂದ. ಬ್ಲೇಡನ್ನು ಸ್ವಲ್ಪವೇ ಎಡಕ್ಕೆ ಬಗ್ಗಿಸಿ ಹಿಡಿದರೆ ಕತ್ತರಿಸಿದ್ದು ಎಡಬದಿಯಲ್ಲಿ ಸಾಲಾಗಿ ಬೀಳುತ್ತದೆ. ಒಂದು ಬೀಸು, ಎರಡು ಸಣ್ಣ ಹೆಜ್ಜೆ. ಎದೆ ಎತ್ತರದ ಕಳೆಯನ್ನು ಒಂದೇ ಸಲಕ್ಕೆ ಬುಡಕ್ಕೆ ಹೊಡೆಯಬೇಡಿ, ಕೋಲಿಗೆ ಸುತ್ತಿಕೊಳ್ಳುತ್ತದೆ. ಮೊದಲು ಅರ್ಧಕ್ಕೆ, ಆಮೇಲೆ ಬುಡಕ್ಕೆ. ಬ್ಲೇಡನ್ನು ಸೊಂಟಕ್ಕಿಂತ ಮೇಲೆ ಎತ್ತಲೇಬಾರದು.

ಇಳಿಜಾರಿನಲ್ಲಿ ಅಡ್ಡಕ್ಕೆ ನಡೆಯಿರಿ, ಮೇಲೆ ಕೆಳಗೆ ಅಲ್ಲ. ಕೆಳಗಿನಿಂದ ಶುರು ಮಾಡಿ, ತಗ್ಗು ನಿಮ್ಮ ಎಡಕ್ಕೆ ಇರಲಿ. ಆಗ ಕತ್ತರಿಸಿದ್ದು ಆಗಲೇ ಹೊಡೆದ ಜಾಗಕ್ಕೆ ಬೀಳುತ್ತದೆ, ಜಾರಿದರೂ ನೀವು ಬ್ಲೇಡಿನಿಂದ ಆಚೆ ಬೀಳುತ್ತೀರಿ. ಸಾಲು ಮುಗಿದ ಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು ಶುರು ಮಾಡಿದ ಕಡೆಗೆ ವಾಪಸ್ ನಡೆದು ಬನ್ನಿ. ಸಮಯ ವ್ಯರ್ಥ ಅನ್ನಿಸಬಹುದು, ಆದರೆ ಮಳೆ ನೆಂದ ಜಾಡಿನಲ್ಲಿ ಇದೇ ಸುರಕ್ಷಿತ.

ನೆಲಕ್ಕೆ ಕೆರೆದು ಹೊಡೆಯಬೇಡಿ. ಎರಡು ಮೂರು ಇಂಚು ಬಿಡಿ. ಕಳೆಯ ಬೇರು ಮಣ್ಣು ಹಿಡಿದುಕೊಂಡಿರುತ್ತದೆ, ನೆಲ ಬೋಳಾದರೆ ಒಂದೇ ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಕಾಫಿಯ ಆಹಾರ ಹೀರುವ ಬೇರುಗಳೂ ಮೇಲ್ಮಣ್ಣಿನಲ್ಲೇ ಇರುವುದು. ಬ್ಲೇಡಿಗೂ ಕಲ್ಲು ತಾಗುವುದಿಲ್ಲ.

ಎಂಜಿನ್ ಸದ್ದು ಕೇಳುತ್ತಿರಿ. ಗಿಡಕ್ಕೆ ಕೊಟ್ಟಾಗ ಸ್ವಲ್ಪ ಇಳಿದು ತಕ್ಷಣ ಮೇಲೇರಬೇಕು. ಇಳಿದೇ ಉಳಿದರೆ ಬೀಸು ಅಗಲವಾಗಿದೆ ಅಥವಾ ಬ್ಲೇಡ್ ಮೊಂಡಾಗಿದೆ. ಕತ್ತರಿಸಿದ ಕಾಂಡದ ತುದಿ ನೋಡಿ. ಓರೆಯಾಗಿ ನುಣ್ಣಗೆ ಇದ್ದರೆ ಸರಿ. ನಾರು ನಾರಾಗಿ ಸೀಳಿದ್ದರೆ ಅರ ತೆಗೆದುಕೊಳ್ಳುವ ಹೊತ್ತು. ಪ್ರತಿ ಹಲ್ಲಿಗೂ ಮೊದಲಿದ್ದ ಕೋನದಲ್ಲೇ, ಅಷ್ಟೇ ಸಲ ಅರ ಎಳೆಯಿರಿ. ಒಂದು ಹಲ್ಲು ಜಾಸ್ತಿ ಸವೆದರೆ ತೂಕ ತಪ್ಪಿ ಮಿಷನ್ ಅದುರುತ್ತದೆ. ಬೆಳಕಿಗೆ ಹಿಡಿದು ಹಲ್ಲಿನ ಬುಡ, ನಡುವಿನ ರಂಧ್ರದ ಸುತ್ತ ಬಿರುಕು ನೋಡಿ. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಬೇಡಿ, ಎಸೆದುಬಿಡಿ.

ಒಂದು ಟ್ಯಾಂಕ್ ಖಾಲಿಯಾದರೆ ಕುಳಿತುಕೊಳ್ಳಿ. ಎಂಜಿನ್ ಆರಲಿ, ಕೈಯೂ ಆರಲಿ. ಅದುರಿನಿಂದ ಬೆರಳು ಜೋಮು ಹಿಡಿದು ಬಿಳಿಚಿಕೊಂಡರೆ ಅವತ್ತಿಗೆ ಸಾಕು. ವರ್ಷಗಟ್ಟಲೆ ಹಾಗೇ ಮುಂದುವರಿಸಿದರೆ ಅದು ವಾಸಿಯಾಗದ ತೊಂದರೆಯಾಗುತ್ತದೆ.

ಹಂತ 10: ಯಾವಾಗ, ಎಷ್ಟು ಸಲ

ಕಳೆ ಹೂ ಬಿಡುವ ಮೊದಲು ಹೊಡೆದರೆ ಮುಂದಿನ ವರ್ಷದ ಅರ್ಧ ಕೆಲಸ ಉಳಿಯುತ್ತದೆ. ಗೊಬ್ಬರ ಹಾಕುವ ಮೊದಲು ಒಂದು ಸಲ, ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ, ಕೊಯ್ಲಿಗೆ ಮುಂಚೆ ಮತ್ತೊಂದು. ಕೊನೆಯದು ತಪ್ಪಬಾರದು. ನೆಲ ಕಾಣದಿದ್ದರೆ ಉದುರಿದ ಹಣ್ಣು ಆರಿಸಲು ಆಗುವುದಿಲ್ಲ, ಉಳಿದ ಹಣ್ಣಿನಲ್ಲಿ ಕಾಯಿಕೊರಕ ಹುಳು ಬೆಳೆಯುತ್ತದೆ. ಕತ್ತರಿಸಿದ್ದನ್ನು ಸುಡಬೇಡಿ, ಸಾಲಿನ ನಡುವೆ ಹಾಗೇ ಹರಡಿ. ಬುಡಕ್ಕೆ ಒತ್ತಿ ಮಾತ್ರ ಹಾಕಬೇಡಿ.

ಲಂಟಾನವನ್ನು ಮಿಷನ್‌ನಿಂದ ಹೊಡೆದರೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಮೇಲಿನ ಪೊದೆ ಮಿಷನ್‌ನಲ್ಲಿ ತೆಗೆದು, ಬುಡದ ಕೆಳಗೆ ಎರಡು ಇಂಚು ಮಣ್ಣಿನೊಳಗೆ ತಾಯಿಬೇರನ್ನು ಗುದ್ದಲಿಯಲ್ಲಿ ಕಡಿದು, ಬುಡವನ್ನು ತಲೆಕೆಳಗಾಗಿ ಒಣಗಲು ಇಡಿ.

ಫೆಬ್ರವರಿ, ಮಾರ್ಚ್‌ನಲ್ಲಿ ಒಣ ಹುಲ್ಲು ಹೊಡೆಯುವಾಗ ಬಿಸಿ ಸೈಲೆನ್ಸರ್ ಇರುವ ಮಿಷನ್ ಅನ್ನು ಹುಲ್ಲಿನ ಮೇಲೆ ಇಡಬೇಡಿ. ಬ್ಲೇಡ್ ಕಲ್ಲಿಗೆ ತಾಗಿದರೂ ಕಿಡಿ ಬರುತ್ತದೆ. ಪಕ್ಕದಲ್ಲಿ ಒಂದು ಕೊಡ ನೀರು, ಹಸಿ ಸೊಪ್ಪಿನ ಕೊಂಬೆ ಇರಲಿ.

ಹಂತ 11: ಒರೆಸುವುದು, ಎತ್ತಿಡುವುದು

ದಿನದ ಕೆಲಸ ಮುಗಿದ ಮೇಲೆ ಕೋಲು, ಕವಚಕ್ಕೆ ಅಂಟಿದ ಹಸಿ ಹುಲ್ಲು ಕೆರೆದು ತೆಗೆಯಿರಿ. ಸಿಲಿಂಡರಿನ ರೆಕ್ಕೆಗಳ ನಡುವೆ ಕಸ ಕೂತರೆ ಎಂಜಿನ್ ಬಿಸಿ ಹೊರಗೆ ಹೋಗುವುದಿಲ್ಲ, ಬ್ರಷ್‌ನಲ್ಲಿ ಉಜ್ಜಿ. ಏರ್ ಫಿಲ್ಟರ್ ಸ್ಪಂಜನ್ನು ಸೋಪಿನ ನೀರಲ್ಲಿ ಹಿಂಡಿ, ಪೂರ್ತಿ ಒಣಗಿಸಿ ಹಾಕಿ. ನೆರಳಲ್ಲಿ ಒಣಗಲು ಮಳೆಗಾಲದಲ್ಲಿ ಎರಡು ದಿನ ಬೇಕು, ಹಾಗಾಗಿ ಇನ್ನೊಂದು ಸ್ಪಂಜು ತಂದಿಟ್ಟುಕೊಳ್ಳಿ.

25 ಗಂಟೆ ಓಡಿದ ಮೇಲೆ ಬ್ಲೇಡಿನ ಹತ್ತಿರದ ಗೇರ್ ಬಾಕ್ಸಿನ ಸ್ಕ್ರೂ ಬಿಚ್ಚಿ ನೋಡಿ. ಸ್ಕ್ರೂ ತುದಿಯಲ್ಲಿ ಗ್ರೀಸ್ ಕಾಣದಿದ್ದರೆ ಸ್ವಲ್ಪ ಒತ್ತಿ ತುಂಬಿ. ಪೂರ್ತಿ ತುಂಬಿಸಿದರೆ ಅದು ಬಿಸಿಯಾಗಿ ಸೀಲ್ ಒಡೆಯುತ್ತದೆ. ಫೋರ್ ಸ್ಟ್ರೋಕ್ ಆದರೆ ಹೊಸತರಲ್ಲಿ 10 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ ಆಯಿಲ್ ಬದಲಿಸಿ. ಗಂಟೆ ಲೆಕ್ಕ ಇಡಲು ಶೆಡ್ಡಿನ ಬಾಗಿಲಿಗೆ ಒಂದು ಕ್ಯಾಲೆಂಡರ್ ನೇತುಹಾಕಿ ಗೀಟು ಹಾಕಿದರೆ ಸಾಕು.

ಕೊಯ್ಲು ಶುರುವಾದ ಮೇಲೆ ಮಿಷನ್ ತಿಂಗಳುಗಟ್ಟಲೆ ಕೂರುತ್ತದೆ. ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಟು ಸ್ಟ್ರೋಕ್ ಆದರೆ ಪ್ಲಗ್ ಬಿಚ್ಚಿ ಒಂದು ಚಮಚಕ್ಕಿಂತ ಕಡಿಮೆ ಎಣ್ಣೆ ಬಿಟ್ಟು, ಹಗ್ಗ ಮೆಲ್ಲಗೆ ಎರಡು ಮೂರು ಸಲ ಎಳೆದು ಪ್ಲಗ್ ಹಾಕಿ. ಬ್ಲೇಡ್ ಕಳಚಿ ಎಣ್ಣೆ ಸವರಿ, ಬೇರೆಯಾಗಿ ಕಾಗದದಲ್ಲಿ ಸುತ್ತಿಡಿ. ನೈಲಾನ್ ದಾರ ಒಣಗಿ ಪಟಪಟ ಮುರಿಯುವಂತಾದರೆ, ಬಳಸುವ ಹಿಂದಿನ ರಾತ್ರಿ ನೀರಿನ ಬಕೆಟ್ಟಿನಲ್ಲಿ ನೆನೆಹಾಕಿ. ಮಿಷನ್ ಅನ್ನು ನೆಲದ ತೇವ ತಾಗದ ಹಾಗೆ ಗೋಡೆಗೆ ತೂಗುಹಾಕಿ, ಗೊಬ್ಬರದ ಮೂಟೆಗಳಿಂದ ದೂರ.